ಹಸಿ ಕಾಂಕ್ರೀಟಿನಲ್ಲಿ ಮೊಮ್ಮಗಳ ಅಂಗೈ

ಮೇಸ್ತ್ರಿಗೆ ಕೈಗವಸು ಅಂದರೆ ನಗು. “ಸಿಮೆಂಟಲ್ಲೇ ಹುಟ್ಟಿ ಬೆಳೆದ ಕೈ ಇದು. ಇದನ್ನ ಕಂಡ್ರೆ ಸಿಮೆಂಟೇ ಹೆದರತ್ತೆ” ಎಂದು ಜಂಬ ಕೊಚ್ಚುತ್ತಿದ್ದರು. ಬೆರಳ ಸಂದಿ ಬಿರಿದರೆ ಒಂದಿಷ್ಟು ಎಣ್ಣೆ ಸವರಿ ಸುಮ್ಮನಾಗುವರು. ಊಟದ ಖಾರ ತಾಗಿ ಬೆರಳು ಚುರ್ ಎಂದರೂ ಬಾಯಿ ಬಿಡುತ್ತಿರಲಿಲ್ಲ.

ಆ ದಿನ ಸ್ವಂತ ಮನೆಯ ಅಂಗಳಕ್ಕೇ ಕಾಂಕ್ರೀಟ್. ಆಳುಗಳು ಸುರಿದು ಹೋದ ಮೇಲೆ ತಾವೇ ಮಂಡಿಯೂರಿ, ಕರಣೆ ಹಿಡಿದು, ನುಣುಪು ಮಾಡುತ್ತಾ ಬಾಗಿಲವರೆಗೆ ಬಂದರು. ಪ್ಯಾಂಟಿನ ಮಂಡಿ ತೊಯ್ದು ತೊಪ್ಪೆಯಾಗಿತ್ತು. ಅದರ ಕಡೆ ಅವರ ಗಮನವೇ ಇರಲಿಲ್ಲ.

“ಚೂಟಿ, ಬಾರಮ್ಮ! ಇಲ್ಲಿ ಅಂಗೈ ಒತ್ತು. ನೀನು ಮುದುಕಿ ಆದ್ರೂ ಈ ಗುರುತು ಇರತ್ತೆ.”

ಮೊಮ್ಮಗಳು ಅಂಗಿಯ ತೋಳು ಮಡಚಿಕೊಂಡು ಓಡಿಬಂದಳು. ಅಷ್ಟರಲ್ಲಿ ಆಸ್ಪತ್ರೆಯ ಪಾಳಿ ಮುಗಿಸಿ ಹಿತ್ತಿಲ ಬಾಗಿಲಿಂದ ಬಂದ ಸೊಸೆ ಮಗುವನ್ನು ಗಬಕ್ಕನೆ ಎತ್ತಿಕೊಂಡಳು. ಅವಳು ನರ್ಸ್.

“ಬೇಡ ಮಾವ. ಹಸಿ ಸಿಮೆಂಟು ಚರ್ಮ ಸುಡತ್ತೆ.”

“ಸುಡೋಕೆ ಅದೇನು ಬೆಂಕೀನಾ? ತಣ್ಣಗಿದೆ! ನಿನ್ನ ಗಂಡನ ಕೈನೂ ಹೀಗೇ ಒತ್ತಿಸಿದ್ದೆ. ಏನಾಯ್ತು ಅವನಿಗೆ?”

ಒಳಗಿನಿಂದ ಮೇಸ್ತ್ರಿಯ ಹೆಂಡತಿ ಕೂಗಿದರು. “ಏನಾಯ್ತಾ? ಅಂಗೈ ಕೆಂಪಗಾಗಿ ರಾತ್ರಿಯೆಲ್ಲ ಅತ್ತ. ಇರುವೆ ಕಚ್ಚಿರಬೇಕು ಅಂದ್ರಿ. ಪಾಪ, ಮನೇಲಿದ್ದ ಇರುವೆನೆಲ್ಲ ಸಾಯಿಸಿದ್ದು ನಾನು!”

ಮೇಸ್ತ್ರಿ ಕರಣೆ ಬದಿಗಿಟ್ಟು ಎದ್ದರು.

“ಮಾವ, ನಿಮ್ಮ ಮಂಡಿ ತೋರಿಸಿ” ಎಂದಳು ಸೊಸೆ. ಪ್ಯಾಂಟ್ ಮೇಲೆತ್ತಿದರೆ ಚರ್ಮ ಬಿಳಿಚಿ ಸುಕ್ಕುಗಟ್ಟಿತ್ತು. ಸುತ್ತ ಕೆಂಪು.

“ಉರೀನೇ ಇಲ್ವಲ್ಲ!”

“ಅದೇ ಅದರ ಮೋಸ. ಸಿಮೆಂಟಲ್ಲಿ ಸುಣ್ಣದ ಗುಣ ಇದೆ. ಮೊದಲು ಗೊತ್ತೇ ಆಗಲ್ಲ. ಉರಿ ಶುರುವಾಗೋ ಹೊತ್ತಿಗೆ ಸುಟ್ಟು ಒಳಗೆ ಇಳಿದಿರತ್ತೆ. ಇಂಥ ಮಂಡಿಗೆ ನಾನೇ ಎಷ್ಟು ಸಲ ಪಟ್ಟಿ ಕಟ್ಟಿದೀನಿ. ಕೆಲವರಿಗೆ ತಿಂಗಳುಗಟ್ಟಲೆ ಮಂಡಿ ಊರೋಕೇ ಆಗಲ್ಲ.”

ಮಂಡಿ ಊರಲಾಗದ ಮೇಸ್ತ್ರಿಯನ್ನು ಕೆಲಸಕ್ಕೆ ಯಾರು ಕರೆಯುತ್ತಾರೆ? ಮಂಡಿ ತೊಳೆಯುವ ಅವಸರದಲ್ಲಿ ಅವರು ಕರಣೆ ತೊಳೆದ ಬಕೆಟ್ಟಿಗೇ ಕೈ ಹಾಕಿದರು.

“ಅಯ್ಯೋ, ಅದೂ ಸಿಮೆಂಟ್ ನೀರೇ! ಆ ಪ್ಯಾಂಟ್ ಬಿಚ್ಚಿ, ಟವೆಲ್ ಸುತ್ಕೊಂಡು ನಲ್ಲಿ ಕೆಳಗೆ ನಿಂತ್ಕೊಳ್ಳಿ. ಇಪ್ಪತ್ತು ನಿಮಿಷ ನೀರು ಹರೀತಾ ಇರ್ಲಿ.”

“ಅಷ್ಟು ಹೊತ್ತಾ? ಕಾಂಕ್ರೀಟ್ ಕಾಯಲ್ಲ ಕಣಮ್ಮ!”

“ಚರ್ಮಾನೂ ಕಾಯಲ್ಲ ಮಾವ.”

ಹೊಸ್ತಿಲ ಬಳಿ ಮೊಮ್ಮಗಳ ತುಟಿ ಅಳಲು ಸಿದ್ಧವಾಗಿತ್ತು. ಟವೆಲ್ ಸುತ್ತಿ ನಲ್ಲಿಯ ಕೆಳಗೆ ನಿಂತಿದ್ದ ತಾತನಿಗೆ ಅದನ್ನು ನೋಡಲಾಗಲಿಲ್ಲ. ಥಟ್ಟನೆ ಒಂದು ಉಪಾಯ ಹೊಳೆಯಿತು.

“ಏ ಇವಳೇ! ರಟ್ಟಿನ ಮೇಲೆ ಮಗು ಕೈ ಇಟ್ಟು ಗೆರೆ ಎಳಿ. ಕತ್ತರಿಸಿ, ಅದನ್ನೇ ಒತ್ತು!”

ಅಜ್ಜಿ ಉದ್ದನೆಯ ರಬ್ಬರ್ ಕೈಗವಸು ಹಾಕಿಕೊಂಡು, ಹೊಸ್ತಿಲಲ್ಲೇ ಕೂತು ರಟ್ಟಿನ ಅಂಗೈಯನ್ನು ಕಾಂಕ್ರೀಟಿಗೆ ಒತ್ತಿದರು.

“ಮೆಲ್ಲಗೆ! ಬೆರಳ ತುದಿ ಒತ್ತು!” ನಲ್ಲಿಯ ಕೆಳಗಿಂದ ಅಪ್ಪಣೆ ಬಂತು.

“ನೀವು ಮಂಡಿ ತೊಳ್ಕೊಳ್ರಿ. ಇವತ್ತು ನಾನೇ ಮೇಸ್ತ್ರಿ!”

ರಟ್ಟು ಎತ್ತಿದಾಗ ಐದು ಪುಟ್ಟ ಬೆರಳು ಅಚ್ಚುಕಟ್ಟಾಗಿ ಮೂಡಿದ್ದವು. ಅಮ್ಮನ ಕಂಕುಳಲ್ಲಿ ಮಗು ಚಪ್ಪಾಳೆ ತಟ್ಟಿತು.

ಸೊಸೆ ಮಾವನನ್ನು ನೇರ ಆಸ್ಪತ್ರೆಗೆ ಕರೆದೊಯ್ದಳು. ಬೇಗ ತೊಳೆದದ್ದರಿಂದ ಗಾಯ ಆಳಕ್ಕಿಳಿದಿಲ್ಲ ಎಂದರು ಡಾಕ್ಟರು. ಮಂಡಿ ವಾಸಿಯಾಗಿ ಕೆಲಸಕ್ಕೆ ಹೋದ ದಿನ ಮೇಸ್ತ್ರಿ ಗಮ್‌ಬೂಟು, ಕೈಗವಸು, ಮಂಡಿಯ ಕೆಳಗೊಂದು ಹಲಗೆ ಸಮೇತ ಹಾಜರು. ಆಳುಗಳು ಮುಸಿಮುಸಿ ನಕ್ಕರು.

“ನಗ್ರಪ್ಪ, ನಗ್ರಿ. ನಾನೂ ಹೀಗೇ ನಗ್ತಿದ್ದೆ. ನಕ್ಕಾದ ಮೇಲೆ ನಿಮ್ಮ ಕೈಗವಸು ಅಲ್ಲಿದೆ, ಹಾಕ್ಕೊಳ್ಳಿ. ಹಾಕ್ಕೊಳ್ಳದೆ ಇರೋರಿಗೆ ಇವತ್ತು ಕೆಲಸ ಇಲ್ಲ.”

ಕಾಂಕ್ರೀಟ್ ಕೆಲಸ ಮಾಡುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಹಸಿ ಸಿಮೆಂಟನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪ್ಯಾಂಟನ್ನು ಬೂಟಿನ ಒಳಗೆ ತುರುಕದೆ ಹೊರಗೆ ಇಳಿಬಿಡಿ, ಸಿಮೆಂಟು ಒಳಗಿಳಿಯದು. ಪುಡಿ ಕಲಸುವಾಗ ಮೂಗಿಗೆ ಮಾಸ್ಕ್ ಇರಲಿ. ಮೈಗೆ ತಾಗಿದರೆ ಉರಿ ಬರಲಿ ಎಂದು ಕಾಯದೆ ಆಗಲೇ ಶುದ್ಧ ನೀರಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ತೊಳೆದು ತಕ್ಷಣ ಆಸ್ಪತ್ರೆಗೆ ಓಡಿ. ಮಕ್ಕಳನ್ನಂತೂ ಹತ್ತಿರ ಬಿಡಲೇಬೇಡಿ. ನಿಮ್ಮ ಕೈಯ ಗುರುತು ಕಟ್ಟಡದ ಮೇಲೆ ಉಳಿಯಲಿ, ಸಿಮೆಂಟಿನ ಗುರುತು ನಿಮ್ಮ ಮೈಮೇಲೆ ಬೇಡ.