ಸುಭದ್ರಾ ಗಿಡ

"ಅದೆಂಥ ಗಿಡ ಅಂತ ಹೆಸರು ಹೇಳಿ ಅಮ್ಮಾ, ಹೆಸರು!" ಕಳಸದ ಡಾಕ್ಟರು ಮತ್ತೆ ಕೇಳಿದರು.

ಸುಭದ್ರಾ ಗಂಡನ ಬೆನ್ನು ನೀವುತ್ತ ಹೆಸರಿಗೆ ತಡಕಾಡಿದಳು. ಮಂಚದ ಮೇಲೆ ಕೃಷ್ಣಯ್ಯ ವಾಂತಿ ಮಾಡಿ ಮಾಡಿ ಹಣ್ಣಾಗಿದ್ದರು, ನಾಡಿ ಬೇರೆ ಇಳಿಯುತ್ತಿತ್ತು. ಬೆಳಿಗ್ಗೆ ಹಿತ್ತಿಲಲ್ಲಿ ಸಿಕ್ಕ ಕುಡಿಯನ್ನೆಲ್ಲ ಚಿವುಟಿ ತಂಬುಳಿ ಮಾಡಿದ್ದಳು. ನೆಲ್ಲಿ ಕುಡಿ, ಸೀಬೆ ಕುಡಿ, ಕಣ್ಣಿಗೆ ಬಿದ್ದದ್ದು. ಕುಡಿ ತಂಬುಳಿ ಅಂದರೆ ಹಾಗೇ ತಾನೆ? ಹೂಕುಂಡದ ಆ ಮೆತ್ತನೆಯ ಎಲೆಯೂ ಕೈಗೆ ಬಂತು. ಅವಳಿಗೆ ಅವತ್ತು ಸಂಕಷ್ಟಿ ಉಪವಾಸ. ಉಂಡದ್ದು ಅವರೊಬ್ಬರೇ, ಸ್ವಲ್ಪ ಕಹಿ ಎನ್ನುತ್ತಲೇ.

"ಅದು... ವಂದನಾ ಗಿಡ," ಎಂದಳು.

ಡಾಕ್ಟರು ಕಣ್ಣು ಕಣ್ಣು ಬಿಟ್ಟರು. ಬಿಡದೆ ಏನು ಮಾಡುತ್ತಾರೆ? ಈ ಕಡೆಯ ಹೆಂಗಸರು ಗಿಡಕ್ಕೆ ಹೆಸರಿಡುವುದೇ ಹಾಗೆ. ಸಸಿ ಕೊಟ್ಟವರ ಹೆಸರೇ ಗಿಡದ ಹೆಸರು. ನರ್ಸರಿ ಹೆಸರು ಯಾರಿಗೆ ಬೇಕು!

ಮೂಡಿಗೆರೆಯ ತಂಗಿ ವಂದನಾಗೆ ಫೋನು ಹಚ್ಚಿದಳು. "ಅಯ್ಯೋ ಅಕ್ಕಾ, ನಮ್ಮನೇಲಿ ಅದಕ್ಕೆ ಅರುಣಕ್ಕನ ಗಿಡ ಅಂತೀವಲ್ಲ!" ಅರುಣಾ ಅಂದರೆ ವಂದನಾಳ ಓರಗಿತ್ತಿ. ಆಕೆಯ ಫೋನು, ಹಾಳಾದ್ದು, ರಿಂಗಾಗಿ ರಿಂಗಾಗಿ ನಿಂತಿತು. ಸುಭದ್ರಾ ವರಾಂಡದಲ್ಲಿ ಅತ್ತಿಂದಿತ್ತ ಓಡಾಡಿದಳು, ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತಳು, ತನ್ನ ಕೈಗೆ ತಾನೇ ಶಾಪ ಹಾಕಿದಳು. ಕೊನೆಗೂ ಅರುಣಾ ಸಿಕ್ಕಳು.

"ಊಟಿಯಿಂದ ಬೀಜ ತಂದಿದ್ದು ಕಣೆ. ಪ್ಯಾಕೆಟ್ ಮೇಲೆ ಫಾಕ್ಸ್‌ಗ್ಲೋವ್ ಅಂತಿತ್ತು. ಯಾಕೆ, ಹೂ ಬಿಡ್ತಾ?"

ಹೆಸರು ಕೇಳಿದ್ದೇ ಡಾಕ್ಟರು ಎದ್ದು ನಿಂತರು. "ಹೃದಯಕ್ಕೇ ಕೈ ಹಾಕೋ ವಿಷ ಅದು!" ಎಂದವರೇ ಮಂಗಳೂರಿಗೆ ಫೋನು ಮಾಡಿ ಮದ್ದು ಸಿದ್ಧವಿಡಲು ಹೇಳಿ, ಇಬ್ಬರನ್ನೂ ಆಂಬುಲೆನ್ಸ್ ಹತ್ತಿಸಿದರು.

ಮಾರನೆಯ ಬೆಳಿಗ್ಗೆ ಕೃಷ್ಣಯ್ಯನವರ ನಾಡಿ ಹದಕ್ಕೆ ಬಂತು. "ಇನ್ನು ಮೇಲೆ ನೀನೂ ಪಕ್ಕದಲ್ಲೇ ಕೂತು ಉಣ್ಣು ಮಾರಾಯ್ತಿ," ಎಂದು ಸಣ್ಣಗೆ ನಕ್ಕರು. ಸುಭದ್ರಾ ನಗಲು ಹೋಗಿ ಅತ್ತುಬಿಟ್ಟಳು. ಅಳುತ್ತಿದ್ದವಳು ತಟ್ಟನೆ ಕಣ್ಣೊರೆಸಿಕೊಂಡಳು. ಸಂಸೆಯ ಸರೋಜಮ್ಮನಿಗೆ ಆ ಸಸಿ ಕೊಟ್ಟವಳು ತಾನೇ. ಫೋನು ಕೈಗೆತ್ತಿಕೊಂಡಳು.

"ಸರೋಜಮ್ಮ, ಆ ಫಾಕ್ಸ್‌ಗ್ಲೋವ್ ಎಲೆ ಮುಟ್ಟಬೇಡಿ!"

"ಅದೆಂಥದೇ ಅದು? ನಮ್ಮನೇಲಿ ಅಂಥದ್ದೆಲ್ಲ ಇಲ್ಲ. ಒಲೆ ಮೇಲೆ ತಂಬುಳಿಗೆ ಕುಡಿ ಹುರೀತಾ ಇದೀನಿ, ಆಮೇಲೆ ಫೋನು ಮಾಡ್ತೀನಿ ತಡಿ."

"ಫೋನು ಇಡಬೇಡಿ! ನಾನು ಕೊಟ್ಟಿದ್ನಲ್ಲ..."

"ಓ, ಸುಭದ್ರಾ ಗಿಡನಾ? ಅದರದ್ದೂ ಹಾಕಿದೀನಿ ಮಾರಾಯ್ತಿ, ಎಳೇದಾಗಿ ಚೆನ್ನಾಗಿತ್ತು."

"ಚೆಲ್ಲಿಬಿಡಿ!" ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಿದಳು. "ಸುಭದ್ರಾ ಗಿಡ ವಿಷ! ನೀವು ಯಾರ್ಯಾರಿಗೆ ಸಸಿ ಕೊಟ್ಟಿದೀರೋ ಎಲ್ಲರಿಗೂ ಹೇಳಿ, ಸುಭದ್ರಾ ಗಿಡ ವಿಷ ಅಂತ!"