ಗುಬ್ಬಿಯ ಶೂ ತೊಳೆದ ಪ್ರಕರಣ

ನನ್ನ ಲಾಂಡ್ರಿಯ ಬೋರ್ಡಿನ ಮೇಲೆ ‘ಹೋಗದ ಕಲೆಯೇ ಇಲ್ಲ’ ಎಂದು ಬರೆಸಿದ್ದೆ. ಎಣ್ಣೆ, ರಕ್ತ, ತುಕ್ಕು, ಮದುಮಗನ ಕೋಟಿನ ಮೇಲಿನ ಲಿಪ್‌ಸ್ಟಿಕ್ಕು, ಎಲ್ಲದಕ್ಕೂ ನನ್ನ ಹತ್ತಿರ ಮದ್ದಿದೆ. ಇಂಥವನ ಮಗಳು ಬಿಳಿ ಶೂ ತುಂಬ ಶಾಯಿಯ ಗೀಚು ಹಾಕಿಕೊಂಡು ಓಡಾಡಿದರೆ ಅಂಗಡಿಯ ಗತಿಯೇನು? ಒಂದು ಭಾನುವಾರ ಅವಳು ಏಳುವುದರೊಳಗೆ ಸ್ಪಿರಿಟ್ ಹಾಕಿ ಉಜ್ಜಿ, ಹೊಸದರಂತೆ ಮಾಡಿ ಬಾಗಿಲಲ್ಲಿಟ್ಟೆ. ಶಹಬ್ಬಾಸ್‌ಗಿರಿಗಾಗಿ ಕಾಯುತ್ತಾ ಕೂತೆ.

ಮನೆಯಲ್ಲೂ ಶಾಲೆಯಲ್ಲೂ ಅವಳನ್ನು ಕರೆಯುವುದು ಗುಬ್ಬಿ ಎಂದೇ. ಶೂ ನೋಡಿದವಳೇ ನೆಲಕ್ಕೆ ಕುಸಿದಳು.

“ಅಪ್ಪಾ, ಅದು ಗೀಚಲ್ಲ, ಫ್ರೆಂಡ್ಸ್ ಹೆಸರು! ಈಗ ನಂಗೆ ಈ ಲೋಕದಲ್ಲಿ ಯಾರೂ ಇಲ್ಲ.”

“ನಾನಿದೀನಲ್ಲೇ,” ಅಂದೆ.

“ಅದೇ ಹೇಳಿದ್ದು, ಯಾರೂ ಇಲ್ಲ ಅಂತ.”

ಹಿಂದೊಮ್ಮೆ ಅಡುಗೆಮನೆಗೆ ಬೆಂಕಿ ಹತ್ತಿಕೊಂಡಾಗ ಇಯರ್‌ಫೋನ್ ಕೂಡ ತೆಗೆಯದೆ ಆರಾಮಾಗಿ ಹೊರಗೆ ನಡೆದಿದ್ದ ಹುಡುಗಿ ಇವಳೇ. ಈಗ ಶೂ ಬೆಳ್ಳಗಾಯಿತೆಂದು ಊಟ ಬಿಟ್ಟಳು.

ಕೊನೆಗೆ ಗೆಳತಿಯರೆಲ್ಲ ನನ್ನ ಇಸ್ತ್ರಿ ಮೇಜಿನ ಸುತ್ತ ಸಭೆ ಸೇರಿ, ಯಾರ ಹೆಸರು ಎಲ್ಲಿತ್ತೆಂದು ಜಗಳಾಡಿ, ಮತ್ತೆ ಬರೆದರು. ಹೆಬ್ಬೆರಳಿನ ಮೇಲಿನ ಜಾಗ, ನಾನು ಉದ್ದಜಡೆ ಎಂದು ಕರೆಯುವ ಹುಡುಗಿಯದು. ಅವಳು ಗುಬ್ಬಿಯ ಜೀವದ ಗೆಳತಿ. ಹೋಗುವಾಗ ಒಬ್ಬಳು ನನ್ನ ಸ್ಪಿರಿಟ್ ಬಾಟಲಿಯನ್ನೇ ದಿಟ್ಟಿಸಿದಳು. ಯಾಕೆಂದು ಆಗ ಹೊಳೆಯಲಿಲ್ಲ.

ಮರುವಾರ ವ್ಯಾಪಾರ ಶುರುವಾಯಿತು. ಗೆಳತಿಯರ ಹೆಸರು ತುಂಬಿದ ತಂತಮ್ಮ ಶೂ ಹಿಡಿದು ಹುಡುಗಿಯರು ಒಬ್ಬೊಬ್ಬರಾಗಿ ಬಂದರು. “ಅಂಕಲ್, ಇವಳ ಹೆಸರು ಮಾತ್ರ ತೆಗೀರಿ, ಪಕ್ಕದವಳದ್ದು ಮುಟ್ಬೇಡಿ.” ಒಬ್ಬಳು ಹುಟ್ಟುಹಬ್ಬಕ್ಕೆ ಕರೆಯಲಿಲ್ಲವಂತೆ, ಇನ್ನೊಬ್ಬಳು ಅಷ್ಟುದ್ದದ ಮೆಸೇಜಿಗೆ ಬರೀ ‘ಹೂಂ’ ಅಂದಳಂತೆ. ಇಂಥ ಘೋರ ಅಪರಾಧಗಳಿಗೆಲ್ಲ ನಾನು ಹತ್ತಿ ಹಿಡಿದು ಶಿಕ್ಷೆ ಜಾರಿ ಮಾಡುತ್ತಿದ್ದೆ. ಸೋಮವಾರ ಅಳಿಸಿದ್ದನ್ನು ಗುರುವಾರ ಬರೆಸಿಕೊಂಡು ಶುಕ್ರವಾರ ಮತ್ತೆ ತರುವವರೂ ಇದ್ದರು. ನಗು ತಡೆದುಕೊಳ್ಳುವುದೇ ದೊಡ್ಡ ಕೆಲಸ.

ಒಂದು ಸಂಜೆ ಉದ್ದಜಡೆ ಬಂದು, ಎಡಗಾಲಿನ ಶೂ ಕಳಚಿ ಮೇಜಿನ ಮೇಲಿಟ್ಟಳು. ಕಣ್ಣು ಕೆಂಪಗಿತ್ತು.

“ಗುಬ್ಬಿ ಹೆಸರು ತೆಗೀರಿ, ಅಂಕಲ್.”

ನನ್ನ ನಗು ಅಲ್ಲೇ ನಿಂತಿತು. ಮಗಳು ಶಾಲೆಯಿಂದ ಬಂದವಳೇ ಮಹಡಿಯ ಮನೆಯಲ್ಲಿ ಕೋಣೆ ಬಾಗಿಲು ಹಾಕಿಕೊಂಡಿದ್ದು ಯಾಕೆಂದು ಈಗ ತಿಳಿಯಿತು. ಹತ್ತಿಯನ್ನು ಬರೀ ನೀರಿಗೆ ಅದ್ದಿ, ಹಲ್ಲು ಕಚ್ಚಿ ಉಜ್ಜಿದೆ. ಇಲ್ಲದ ಬೆವರನ್ನೂ ಒರೆಸಿಕೊಂಡೆ.

“ಹೋಗ್ತಾ ಇಲ್ಲಮ್ಮ.”

“ಹೋಗದ ಕಲೆಯೇ ಇಲ್ಲ ಅಂತ ಬೋರ್ಡಿದೆಯಲ್ಲ?”

“ಬೋರ್ಡು ಬರೆಸಿದಾಗ ಇಂಥದ್ದು ನೋಡಿರ್ಲಿಲ್ಲ.”

“ಏನು ಹಾಕಿದ್ರೂ ಹೋಗಲ್ವಾ?”

“ಶೂ ಹರಿದುಹೋಗುತ್ತೆ, ಹೆಸರು ಹೋಗಲ್ಲ.”

ಅವಳು ಶೂವನ್ನೇ ನೋಡುತ್ತಾ ನಿಂತಳು. “ಇರ್ಲಿ ಬಿಡಿ,” ಎಂದು ಕಾಲಿಗೆ ತೂರಿಸಿಕೊಂಡು, ಲೇಸು ಕೂಡ ಕಟ್ಟದೆ ನಮ್ಮ ಮನೆಯ ಮೆಟ್ಟಿಲು ಹತ್ತಿ ಓಡಿದಳು.

ಮರುದಿನ ಶಾಲೆಯಿಂದ ಇಬ್ಬರೂ ಒಟ್ಟಿಗೆ ಬಂದರು. ಗುಬ್ಬಿಯ ಮುಖ ಅರಳಿತ್ತು.

“ಅಪ್ಪಾ, ನಮ್ಮ ಹೆಸರು ನಿನ್ನ ಕೈಲೂ ತೆಗೆಯೋಕಾಗ್ಲಿಲ್ಲ ಅಂತ ಇಡೀ ಶಾಲೆಗೆ ಹೇಳಿದ್ವಿ! ನಿಂಗೆ ಕೆಲಸ ಬರಲ್ಲ ಅಂತ ಈಗ ಎಲ್ಲರಿಗೂ ಗೊತ್ತು!”

ಏಣಿ ತಂದು ಬೋರ್ಡು ಇಳಿಸಿದೆ. ಕೆಳಗೆ ಏಣಿ ಹಿಡಿದುಕೊಂಡವರು ಅವರಿಬ್ಬರೇ. ಇಷ್ಟು ಖುಷಿಯಿಂದ ನನ್ನ ಮಾನವನ್ನು ಹಿಂದೆ ಯಾರೂ ಹರಾಜು ಹಾಕಿರಲಿಲ್ಲ.