ಖಾಜಾಬಿ ಡಾಟ್ ಇನ್

೧
ಮಗ್ಗದ ಸಪ್ಪಳದಿಂದ ಸುರು ಮಾಡಿದ್ದೆ. ಈ ಕಥಿಯ ನಾಯಕಿ ಕೌಸರ ಓದಿ ಮೂಗು ಮುರದಳು. "ಗಜೇಂದ್ರಗಡ ಅಂದಕೂಡ್ಲೆ ಎಲ್ಲಾರೂ ಮಗ್ಗಾನ ಬಡೀತೀರಿ. ನಂದು ಕಂಪ್ಯೂಟರಿನ ಕಥಿ ಐತ್ರಿ." ಆತವಾ, ಹರದು ಒಗದೆ. ಹಂಗಾದ್ರ ಎಲ್ಲಿಂದ ಹೊಂಡೂಣು, ಓದುಗ ಮಹಾರಾಯ್ರ? ಭೀಮೇಶನ ಸೈಬರ್ ಕೆಫೆಯಿಂದ ಹೊಂಡೂಣು.

೨
೨೦೦೫. ಡಾಟ್ ಇನ್ ಅನ್ನೂ ವೆಬ್‌ಸೈಟ್ ವಿಳಾಸ ಆಗಷ್ಟ ಎಲ್ಲಾರಿಗೂ ತೆರದಿತ್ತು. ಟ್ರೇಡ್‌ಮಾರ್ಕ್ ಇದ್ದ ಕಂಪನಿಗಳದು ಮೊದಲ ಪಾಳಿ. ಅದು ಮುಗದ ಮ್ಯಾಲೆ ಯಾರು ಲಗೂ ಬರ್ತಾರೋ ಅವರದು. ಕೌಸರ ಲಗೂ ಬಂದಳು. ತನ್ನ ತಾಯಿ ಖಾಜಾಬಿ ನೇಯ್ದ ಸೀರಿ ಮಾರಾಕ ಖಾಜಾಬಿ ಡಾಟ್ ಇನ್ ಹಿಡದಳು. ಡಾಟ್ ಕಾಮ್ ಯಾಕ ಬಿಟ್ಟಳು ಅಂತೀರಿ? ಅದನ್ನ ಬೆಂಗಳೂರಿನ ಒಂದು ಫ್ಯಾಷನ್ ಕಂಪನಿ ಮೊದಲ ಹಿಡಕೊಂಡಿತ್ತು. ಖಾಜಾಬಿ ಅಂದ್ರ ಅವರ ಬ್ರ್ಯಾಂಡಂತ. ಡಾಟ್ ಇನ್ ಪಾಳಿ ಬಂದಾಗ ಮರತು ಕುಂತಿದ್ರು, ಈಗ ಎಚ್ಚರಾಗಿ ಮೇಲ್ ಹಾಕ್ಯಾರ: ನಮ್ಮ ಹೆಸರು ಬಿಟ್ಟುಕೊಡ್ರಿ, ಇಲ್ಲಾಂದ್ರ ದೂರು ಕೊಡ್ತೀವಿ.

"ಅವರ ಹೆಸರಂತ! ನಮ್ಮ ಅಮ್ಮೀ ಹುಟ್ಟಿದಾಗ ಈ ಕಂಪನಿ ಎಲ್ಲಿತ್ತು?" ಕೌಸರ ಕೆಂಡ ಆದಳು.

(ಭೀಮೇಶ: "ಪ್ರಿಂಟ್‌ಔಟ್ ತಗೀಲೇನ್ರಿ?" ಕಥಿಯೊಳಗ ಇವಗ ಇದೊಂದ ಡೈಲಾಗು.)

೩
ಈಗ ಸ್ವಲ್ಪ ಹಿಂದ ಹೋಗೂದು ಅನಿವಾರ್ಯ. ಮೂರು ವರ್ಷದ ಹಿಂದ ಆ ಕಂಪನಿಯ ನೇತ್ರಾ ಸೀರಿ ನೋಡಾಕ ಇವರ ಮನಿಗೆ ಬಂದಿದ್ದಳು. ರೊಟ್ಟಿ ಉಂಡಳು, ಮಗ್ಗದ ಮುಂದ ಕುಂತು ಕಣ್ಣರಳಿಸಿದಳು. ಮೊದಲ ಸಲ ಬಂದ ಹೆಣಮಗಳನ್ನ ಬರಿಗೈಲೆ ಕಳಸೂ ಪದ್ಧತಿ ಈ ಮನ್ಯಾಗಿಲ್ಲ. ಖಾಜಾಬಿ ಖಣ ಕೊಟ್ಟಳು, ಬಳಿ ಇಡಿಸಿದಳು.

"ಅಮ್ಮಾ, ಈ ಸೀರೆಗಳಿಗೆ ನಿಮ್ಮ ಹೆಸರನ್ನೇ ಇಡ್ಲಾ?" ಅಂದಳು ನೇತ್ರಾ.

"ತಗೋ ನನ್ನವ್ವಾ, ಅದನ್ನೂ ತಗೋ."

ಖಣದ ಜೋಡಿ ಹೆಸರೂ ಬೆಂಗಳೂರಿಗೆ ಹೋತು.

(ನೇತ್ರಾನ್ನ ಖಳನಾಯಕಿ ಮಾಡೂ ಆಸೆ ನನಗ ಭಾಳ ಇತ್ತು. ಆದ್ರ ಆಕಿ ಖರೇನ ಚಲೋ ಹುಡುಗಿ. ಏನ್ ಮಾಡ್ಲಿ?)

೪
ಅಂತ್ಯ ಒಂದು: ಕೌಸರ ಗೆಲ್ತಾಳ, ಪೇಪರಿನ್ಯಾಗ ಫೋಟೋ ಬರ್ತೈತಿ. "ಸಿನಿಮಾ ಬರ್ಯಾಕ ಹತ್ತೀರೇನ್ರಿ?" ಅಂದಳು ಕೌಸರ.

ಅಂತ್ಯ ಎರಡು: ಖಾಜಾಬಿ "ನಾ ಹೆಸರು ಕೊಟ್ಟೇ ಇಲ್ಲ" ಅಂತಾಳ. ಇದು ಕೌಸರಗ ಪಸಂದ ಬಂತು. ತಾಯಿ ಕೈ ಹಿಡದು ಅಂಗಲಾಚಿದಳು. "ಇದೊಂದು ಮಾತು ಅನ್ನು ಅಮ್ಮೀ. ಇಲ್ಲಾಂದ್ರ ನಿನ್ನ ಸೀರಿ ನಿನ್ನ ಹೆಸರಿಲೆ ಮಾರಾಕ ಬರಾಂಗಿಲ್ಲ ನಮಗ."

"ಕಥಿಗಾರ್ರ, ಅದನ್ನ ಹೊಡದು ಹಾಕ್ರಿ," ಅಂದಳು ಖಾಜಾಬಿ. "ಮನಿಗೆ ಬಂದ ಮಗಳಿಗೆ ಕೊಟ್ಟದ್ದನ್ನ ಕೊಟ್ಟಿಲ್ಲ ಅನ್ಲೇನು? ನಿಮ್ಮ ಕಥಿಯೊಳಗೂ ನಾ ಅನ್ನಾಂಗಿಲ್ಲ."

ಹೊಡದು ಹಾಕಿದೆ. ಕೌಸರನ ಮಾರಿ ನೋಡಲಾರದ ಹಾಳಿ ಹೊಳ್ಳಿಸಿದೆ.

೭
(ಐದು, ಆರು ಹರದೇನಿ. ಕೇಳಬ್ಯಾಡ್ರಿ.) ನೇತ್ರಾನ ಫೋನ್ ಬಂತು. ದನಿ ಸಣ್ಣಗಾಗಿತ್ತು. "ಅಮ್ಮಾ, ನಮ್ಮ ಲಾಯರ್ ಪಕ್ಕದಲ್ಲೇ ಕೂತು ಕೇಳ್ತಿದ್ದಾರೆ. ಹೆಸರು ನೀವೇ ಕೊಟ್ಟಿದ್ದು ಅಲ್ವಾ?"

'ಇಲ್ಲ' ಅನ್ನು ಅಂತ ಕೌಸರ ಸನ್ನಿ ಮಾಡಿದಳು.

"ಹೌದವ್ವಾ, ಕೊಟ್ಟೀನಿ," ಅಂದಳು ಖಾಜಾಬಿ. ಕೌಸರ ಗ್ವಾಡಿಗೆ ತಲಿ ಆನಿಸಿದಳು. "ಆದ್ರ ನನಗ ಬ್ಯಾಡ ಅಂತ ಯಾವಾಗ ಅಂದೆ? ನೀನೂ ಇಟ್ಕೊ, ನನಗೂ ಇರಲಿ. ಅದರಾಗ ಏನು ಅಡಚಣಿ ಐತಿ, ನಿಮ್ಮ ಲಾಯರ್‌ಗ ಕೇಳು. ನಾ ಹಿಡಕೊಂಡಿರ್ತೀನಿ."

ಲಾಯರ್ ಏನಂದ ಅಂತ ನನ್ನ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ. ಖಾಜಾಬಿ ಫೋನ್ ಹಿಡಕೊಂಡ ನಿಂತಾಳ, ನಾ ಅಂತೂ ಅದನ್ನ ಇಡಸಾಂವ ಅಲ್ಲ.